ಮುಕ್ತ ಪ್ರವೇಶದ ಜರ್ನಲ್‌ಗಳ ಪ್ರಕಟಣಾ ಶುಲ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಬಂಧಕ್ಕೆ ಒಪ್ಪಿಗೆ ಸಿಕ್ಕಿತೆಂಬ ಸಂತೋಷ ಆರುವ ಮೊದಲೇ ಸಾವಿರಾರು ಡಾಲರ್‌ಗಳ ಇನ್‌ವಾಯ್ಸ್ ಕಂಡು ಕಂಗಾಲಾಗುವ ಸಂಶೋಧಕರು ಬಹಳ ಮಂದಿ. ಹಣದ ಕೊರತೆ ಇದಕ್ಕೆ ಒಂದು ಕಾರಣ, ನಿಜ. ಆದರೆ ಹಣದ ಮಾತನ್ನು ತಡವಾಗಿ ಎತ್ತುವುದು ಅದಕ್ಕಿಂತ ದೊಡ್ಡ ಕಾರಣ. ಜರ್ನಲ್ ಆರಿಸುವ ದಿನವೇ ಶುಲ್ಕದ ಲೆಕ್ಕ ಹಾಕಿದವರ ಮುಂದೆ ಹಲವು ದಾರಿಗಳಿರುತ್ತವೆ. ಒಪ್ಪಿಗೆಯಾದ ಮೇಲೆ ಲೆಕ್ಕಕ್ಕೆ ಕುಳಿತವರ ಮುಂದೆ ಒಂದೆರಡು ಮಾತ್ರ ಉಳಿದಿರುತ್ತವೆ. ಆ ಮೊದಲ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಉತ್ತರಗಳನ್ನು ಬರೆದಿದ್ದೇನೆ.

ಲೇಖನ ಸಂಸ್ಕರಣಾ ಶುಲ್ಕ ಎಂದರೇನು?

ಪ್ರಬಂಧವೊಂದು ಪ್ರಕಟವಾದ ಕ್ಷಣದಿಂದಲೇ ಯಾರು ಬೇಕಾದರೂ ಹಣ ಕೊಡದೆ ಓದುವಂತಿರಲಿ (ಇದೇ ಮುಕ್ತ ಪ್ರವೇಶ) ಎಂದು ಲೇಖಕರ ಕಡೆಯಿಂದ ಪ್ರಕಾಶಕರು ಪಡೆಯುವ ಮೊತ್ತವೇ ಲೇಖನ ಸಂಸ್ಕರಣಾ ಶುಲ್ಕ. ಸಂಶೋಧಕರ ನಡುವೆ ಎಪಿಸಿ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಚಂದಾ ಪದ್ಧತಿಯಲ್ಲಿ ಓದುವವರು ಅಥವಾ ಅವರ ಗ್ರಂಥಾಲಯ ಹಣ ಕೊಡುತ್ತಿತ್ತು. ಇಲ್ಲಿ ಆ ಭಾರ ಬರೆಯುವವರ ಕಡೆಗೆ ಬಂದಿದೆ. ‘ಲೇಖಕರ ಕಡೆ’ ಎಂದರೆ ಲೇಖಕರ ಜೇಬು ಎಂದೇನೂ ಅಲ್ಲ. ಸಂಸ್ಥೆ, ಯೋಜನೆಯ ಅನುದಾನ, ಗ್ರಂಥಾಲಯ ಯಾವುದು ಬೇಕಾದರೂ ಕೊಡಬಹುದು.

ಈ ಪದ್ಧತಿ ಎಲ್ಲಿಂದ ಬಂತು?

2002ರ ಬುಡಾಪೆಸ್ಟ್ ಘೋಷಣೆ ಸಂಶೋಧನೆಯ ಫಲ ಎಲ್ಲರಿಗೂ ಮುಕ್ತವಾಗಿರಬೇಕೆಂದು ಹೇಳಿತು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಬಯೋಮೆಡ್ ಸೆಂಟ್ರಲ್ ಎಂಬ ಪ್ರಕಾಶನ ಸಂಸ್ಥೆ ಲೇಖಕರಿಂದ ಶುಲ್ಕ ಪಡೆಯತೊಡಗಿತು. 2003ರಲ್ಲಿ ಆರಂಭವಾದ ಪ್ಲೋಸ್ ಬಯಾಲಜಿ 1,500 ಡಾಲರ್ ನಿಗದಿಪಡಿಸಿತು. ಚಂದಾ ಹಣವಿಲ್ಲದೆಯೂ ಒಂದು ಗಂಭೀರ ಜರ್ನಲ್ ನಡೆಯಬಲ್ಲದು ಎಂದು ತೋರಿಸುವುದು ಅಂದಿನ ಹಂಬಲವಾಗಿತ್ತು. ಮುಂದೆ ದೊಡ್ಡ ವಾಣಿಜ್ಯ ಪ್ರಕಾಶಕರೂ ಈ ದಾರಿ ಹಿಡಿದರು, ಮೊತ್ತವೂ ಏರುತ್ತಾ ಹೋಯಿತು.

ಅಂತರ್ಜಾಲದಲ್ಲಿ ಒಂದು ಪಿಡಿಎಫ್ ಹಾಕುವುದಕ್ಕೆ ಇಷ್ಟೊಂದು ಹಣ ಏಕೆ? ಪ್ರಬಂಧ ಪರಿಶೀಲಿಸುವ ವಿಮರ್ಶಕರಿಗೆ ಸಂಬಳವೂ ಇಲ್ಲವಲ್ಲ?

ಪ್ರಶ್ನೆ ನ್ಯಾಯವಾದದ್ದು. ಖರ್ಚು ಇರುವುದಂತೂ ನಿಜ: ಬಂದ ಹಸ್ತಪ್ರತಿಗಳ ಕೃತಿಚೌರ್ಯ ತಪಾಸಣೆ, ವಿಮರ್ಶಕರನ್ನು ಹುಡುಕಿ ಬೆನ್ನುಹತ್ತುವ ಕಚೇರಿ ಕೆಲಸ, ಭಾಷೆ ತಿದ್ದುವುದು, ಪುಟವಿನ್ಯಾಸ, ಪ್ರಬಂಧದ ಕಾಯಂ ಗುರುತಾದ ಡಿಒಐ ಸಂಖ್ಯೆ, ದಶಕಗಳ ಕಾಲ ಕಡತ ಕಾಪಾಡುವ ವ್ಯವಸ್ಥೆ. ತಿರಸ್ಕೃತವಾದ ಪ್ರಬಂಧಗಳ ಕೆಲಸಕ್ಕೂ ಹಣ ಬೇಕು. ಅದನ್ನು ಒಪ್ಪಿಗೆಯಾದವುಗಳೇ ಭರಿಸಬೇಕು. ನೂರಕ್ಕೆ ತೊಂಬತ್ತನ್ನು ತಿರಸ್ಕರಿಸುವ ಜರ್ನಲ್ ದುಬಾರಿಯಾಗಲು ಇದೂ ಒಂದು ಕಾರಣ.

ಆದರೆ ಖರ್ಚು ಬೇರೆ, ಬೆಲೆ ಬೇರೆ. ಜರ್ನಲ್‌ನ ಹೆಸರು ಎಷ್ಟು ದೊಡ್ಡದೋ ಅಷ್ಟು ಶುಲ್ಕ ಕೇಳುವ ಪರಿಪಾಠ ಬೆಳೆದುಬಿಟ್ಟಿದೆ. ನೇಚರ್ ಪತ್ರಿಕೆ 2020ರ ಕೊನೆಯಲ್ಲಿ ಮುಕ್ತ ಪ್ರಕಟಣೆಗೆ 9,500 ಯೂರೋ ಎಂದು ಘೋಷಿಸಿದಾಗ ಹುಬ್ಬೇರಿಸದ ಸಂಶೋಧಕರಿರಲಿಲ್ಲ. 2023ರಲ್ಲಿ ನ್ಯೂರೋಇಮೇಜ್ ಜರ್ನಲ್‌ನ ಸಂಪಾದಕರು 3,450 ಡಾಲರ್ ಶುಲ್ಕ ನೈತಿಕವಾಗಿ ಒಪ್ಪತಕ್ಕದ್ದಲ್ಲ ಎಂದು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟು, ಎಂಐಟಿ ಪ್ರೆಸ್‌ನ ಮೂಲಕ ಇಮೇಜಿಂಗ್ ನ್ಯೂರೋಸೈನ್ಸ್ ಎಂಬ ಹೊಸ ಜರ್ನಲ್ ಆರಂಭಿಸಿದರು. ಅದರ ಶುಲ್ಕ ಹಳೆಯದರ ಅರ್ಧಕ್ಕಿಂತ ಕಡಿಮೆ ಇತ್ತು. ಕೆಲಸ ಮಾಡುವ ಸಂಪಾದಕರು ಅವರೇ, ವಿಷಯವೂ ಅದೇ. ಹಾಗಿದ್ದ ಮೇಲೆ ಹಿಂದಿನ ಮೊತ್ತದಲ್ಲಿ ಖರ್ಚಿನ ಪಾಲೆಷ್ಟು, ಹೆಸರಿನ ಪಾಲೆಷ್ಟು ಎಂದು ಕೇಳುವ ಹಕ್ಕು ಹಣ ಕಟ್ಟುವವರಿಗೆ ಇದ್ದೇ ಇದೆ.

ಮುಕ್ತ ಪ್ರವೇಶದ ಜರ್ನಲ್‌ಗಳೆಲ್ಲವೂ ಶುಲ್ಕ ಕೇಳುತ್ತವೆಯೇ?

ಇಲ್ಲ. ಇದೊಂದು ಸಂಗತಿಯನ್ನು ಪ್ರತಿಯೊಬ್ಬ ಸಂಶೋಧನಾ ವಿದ್ಯಾರ್ಥಿಗೂ ಮೊದಲ ವರ್ಷವೇ ತಿಳಿಸಬೇಕು. ಡಿಒಎಜೆ ಎಂಬ ಮುಕ್ತ ಜರ್ನಲ್‌ಗಳ ಅಂತರ್ಜಾಲ ಪಟ್ಟಿ 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಇಂದು ಅದರಲ್ಲಿ 20,000ಕ್ಕೂ ಹೆಚ್ಚು ಜರ್ನಲ್‌ಗಳಿವೆ. ಅವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಲೇಖಕರಿಂದ ಯಾವ ಶುಲ್ಕವನ್ನೂ ಪಡೆಯುವುದಿಲ್ಲ. ಓದುವವರಿಗೂ ಬರೆಯುವವರಿಗೂ ಉಚಿತವಾದ ಈ ಬಗೆಯನ್ನು ಡೈಮಂಡ್ ಎನ್ನುತ್ತಾರೆ. ವಿಶ್ವವಿದ್ಯಾಲಯಗಳು, ವಿದ್ವತ್ ಸಂಘಗಳು, ಗ್ರಂಥಾಲಯಗಳ ಒಕ್ಕೂಟಗಳು ಇವುಗಳ ಖರ್ಚು ನೋಡಿಕೊಳ್ಳುತ್ತವೆ.

ಇವೆಲ್ಲ ಸಣ್ಣಪುಟ್ಟ ಪತ್ರಿಕೆಗಳು ಎಂದು ತಳ್ಳಿಹಾಕಬೇಡಿ. ಯಂತ್ರಕಲಿಕೆಯ ಕ್ಷೇತ್ರದಲ್ಲಿ ಅತಿ ಗೌರವದ ಜರ್ನಲ್‌ಗಳಲ್ಲೊಂದಾದ ಜರ್ನಲ್ ಆಫ್ ಮೆಷಿನ್ ಲರ್ನಿಂಗ್ ರಿಸರ್ಚ್ ಲೇಖಕರಿಂದ ಶುಲ್ಕ ಪಡೆಯುವುದಿಲ್ಲ. ಮಾನವಿಕ ವಿಷಯಗಳಿಗೆ ಓಪನ್ ಲೈಬ್ರರಿ ಆಫ್ ಹ್ಯುಮ್ಯಾನಿಟೀಸ್ ಇದೆ. ಕಣ ಭೌತವಿಜ್ಞಾನದಲ್ಲಿ 2014ರಿಂದ ಸ್ಕೋಪ್‌3 ಎಂಬ ಜಾಗತಿಕ ಒಪ್ಪಂದವೇ ಮುಖ್ಯ ಜರ್ನಲ್‌ಗಳ ಶುಲ್ಕವನ್ನು ಒಟ್ಟಾಗಿ ಭರಿಸುತ್ತಿದೆ. ಅಲ್ಲಿನ ಲೇಖಕರಿಗೆ ಇನ್‌ವಾಯ್ಸ್ ಬರುವುದೇ ಇಲ್ಲ.

ಡಿಒಎಜೆಯಲ್ಲಿ ವಿಷಯ ಆರಿಸಿ, ಶುಲ್ಕವಿಲ್ಲದ ಜರ್ನಲ್‌ಗಳನ್ನು ಮಾತ್ರ ತೋರಿಸುವ ಗುರುತನ್ನು ಒತ್ತಿ. ಬರುವ ಪಟ್ಟಿಯನ್ನು ನಿಮ್ಮ ಪ್ರಬಂಧದ ಉಲ್ಲೇಖಗಳಲ್ಲಿರುವ ಜರ್ನಲ್‌ಗಳ ಜೊತೆ ಹೋಲಿಸಿ ನೋಡಿ. ಎರಡರಲ್ಲೂ ಇರುವ ಒಂದು ಹೆಸರು ಸಿಕ್ಕರೂ ನಿಮ್ಮ ಅರ್ಧ ಚಿಂತೆ ಕಳೆದಂತೆ.

ಗೋಲ್ಡ್, ಹೈಬ್ರಿಡ್, ಗ್ರೀನ್ ಎಂದರೆ?

ಇಡೀ ಜರ್ನಲ್ ಮುಕ್ತವಾಗಿದ್ದರೆ ಗೋಲ್ಡ್. ಚಂದಾ ಜರ್ನಲ್ ಆಗಿದ್ದುಕೊಂಡು, ಹಣ ಕಟ್ಟಿದವರ ಪ್ರಬಂಧವನ್ನು ಮಾತ್ರ ಮುಕ್ತಗೊಳಿಸಿದರೆ ಹೈಬ್ರಿಡ್. ಪ್ರಬಂಧ ಎಲ್ಲಿಯೇ ಪ್ರಕಟವಾಗಲಿ, ಅದರ ಒಂದು ಆವೃತ್ತಿಯನ್ನು ಲೇಖಕರೇ ಸಾರ್ವಜನಿಕ ಡಿಜಿಟಲ್ ಭಂಡಾರದಲ್ಲಿ ಇರಿಸಿದರೆ ಗ್ರೀನ್. ಇದಕ್ಕೆ ಸಾಮಾನ್ಯವಾಗಿ ಹಣ ಬೇಕಿಲ್ಲ.

ಹೈಬ್ರಿಡ್ ಜರ್ನಲ್‌ನಲ್ಲಿ ಹಣ ಕಟ್ಟಲೇಬೇಕೇ?

ಕಟ್ಟಲೇಬೇಕಿಲ್ಲ. ಒಪ್ಪಿಗೆಯ ನಂತರ ಬರುವ ಕೊಂಡಿ ಒತ್ತಿದರೆ ಪರವಾನಗಿಯ ಪುಟ ತೆರೆಯುತ್ತದೆ. ಅಲ್ಲಿ ಮುಕ್ತ ಪ್ರವೇಶದ ಆಯ್ಕೆ ಮೇಲೆ, ದೊಡ್ಡ ಅಕ್ಷರದಲ್ಲಿ ಇರುತ್ತದೆ. ಚಂದಾ ಮಾರ್ಗದ ಆಯ್ಕೆ ಎಷ್ಟೋ ಸಲ ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ ಕುಳಿತಿರುತ್ತದೆ. ಎರಡನೆಯದನ್ನು ಆರಿಸಿದರೆ ಶುಲ್ಕ ಇಲ್ಲ. ಪ್ರಬಂಧ ಚಂದಾದಾರರಿಗೆ ಮಾತ್ರ ಸಿಗುತ್ತದೆ, ಹಕ್ಕುಸ್ವಾಮ್ಯ ಅಥವಾ ಪ್ರಕಟಣೆಯ ಏಕಮಾತ್ರ ಹಕ್ಕು ಪ್ರಕಾಶಕರ ಪಾಲಾಗುತ್ತದೆ. ಅದರ ಜೊತೆಗೆ ಗ್ರೀನ್ ದಾರಿ ಹಿಡಿದರೆ ಓದುಗರಿಗೂ ಪ್ರಬಂಧ ತಲುಪುತ್ತದೆ.

ಆ ಪುಟವನ್ನು ಅವಸರದಲ್ಲಿ ಒತ್ತಿ ಮುಗಿಸಬೇಡಿ. ಒಮ್ಮೆ ಸಹಿಯಾದ ಒಪ್ಪಂದವನ್ನು ಬದಲಿಸಲು ವಾರಗಟ್ಟಲೆ ಇಮೇಲ್ ಬರೆಯಬೇಕಾಗುತ್ತದೆ, ಬದಲಾಗುತ್ತದೆ ಎಂಬ ಖಾತ್ರಿಯೂ ಇಲ್ಲ.

ಜಾಲತಾಣದಲ್ಲಿ ಕಾಣುವ ಮೊತ್ತವೇ ಅಂತಿಮವೇ?

ಬಹುಮಟ್ಟಿಗೆ ಅಲ್ಲ. ಹಲವು ದೇಶಗಳಲ್ಲಿ ಅದರ ಮೇಲೆ ತೆರಿಗೆ ಬೀಳುತ್ತದೆ. 2,000 ಡಾಲರ್ ಶುಲ್ಕ, ಶೇಕಡಾ 20ರ ತೆರಿಗೆ ಎಂದುಕೊಳ್ಳಿ: ಅಲ್ಲಿಗೆ 2,400 ಆಯಿತು. ವಿದೇಶಿ ಹಣ ರವಾನೆಗೆ ಬ್ಯಾಂಕು 40 ಡಾಲರ್ ತೆಗೆದುಕೊಂಡರೆ 2,440. ಇನ್‌ವಾಯ್ಸ್ ಬಂದ ದಿನಕ್ಕೂ ಹಣ ಹೋದ ದಿನಕ್ಕೂ ನಡುವೆ ವಿನಿಮಯ ದರ ಏರಿದರೆ ಇನ್ನಷ್ಟು. ಅನುದಾನದ ಅರ್ಜಿಯಲ್ಲಿ ಬರೀ 2,000 ಎಂದು ಬರೆದವರು ಉಳಿದದ್ದನ್ನು ಎಲ್ಲಿಂದ ತರಬೇಕು?

ಸಣ್ಣದೆನಿಸುವ ಒಂದು ತೊಡಕು ಬಹಳ ಜನರನ್ನು ಕಾಡುತ್ತದೆ. ಹಣ ದಾಟಿ ಹೋಗುವ ದಾರಿಯಲ್ಲಿ ಮಧ್ಯದ ಬ್ಯಾಂಕು ತನ್ನ ಪಾಲು ಕಡಿದುಕೊಂಡರೆ ಪ್ರಕಾಶಕರಿಗೆ ಕೆಲವು ಡಾಲರ್ ಕಡಿಮೆ ತಲುಪುತ್ತದೆ, ಇನ್‌ವಾಯ್ಸ್ ಬಾಕಿ ಎಂದೇ ಉಳಿಯುತ್ತದೆ, ಪ್ರಬಂಧ ನಿಂತುಬಿಡುತ್ತದೆ. ರವಾನೆಯ ಎಲ್ಲ ಖರ್ಚೂ ಕಳುಹಿಸುವವರದೇ ಎಂಬ ಆಯ್ಕೆಯನ್ನು ಬ್ಯಾಂಕಿನ ಅರ್ಜಿಯಲ್ಲಿ ಗುರುತು ಮಾಡಿ, ಇನ್‌ವಾಯ್ಸ್ ಸಂಖ್ಯೆಯನ್ನು ತಪ್ಪದೆ ನಮೂದಿಸಿ.

ಇನ್ನೊಂದು ವಿಷಯ: ಕೆಲವು ಜರ್ನಲ್‌ಗಳು ಪ್ರಬಂಧ ಸಲ್ಲಿಸಿದ ದಿನದ ದರವನ್ನೂ ಕೆಲವು ಒಪ್ಪಿಗೆಯ ದಿನದ ದರವನ್ನೂ ಹಾಕುತ್ತವೆ. ಸಲ್ಲಿಸಿದ ದಿನವೇ ಶುಲ್ಕದ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಂಡರೆ ಮುಂದೆ ವಾದಕ್ಕೆ ಆಧಾರವಿರುತ್ತದೆ. ಬಣ್ಣದ ಚಿತ್ರ, ಹೆಚ್ಚುವರಿ ಪುಟ, ಸಲ್ಲಿಕೆಯ ಶುಲ್ಕ ಬೇರೆಯಾಗಿ ಇವೆಯೇ ಎಂದೂ ಆಗಲೇ ನೋಡಿಬಿಡಿ. ಈಲೈಫ್‌ನಂತೆ, ಪ್ರಬಂಧವನ್ನು ವಿಮರ್ಶೆಗೆ ಕಳುಹಿಸುವ ಹಂತದಲ್ಲೇ ಶುಲ್ಕ ಪಡೆಯುವ ಜರ್ನಲ್‌ಗಳೂ ಇವೆ.

ಹಣ ಯಾರು ಕಟ್ಟಬೇಕು? ಸಹಲೇಖಕರು ಐದಾರು ಜನ ಇದ್ದರೆ?

ಪ್ರಕಾಶಕರ ಕಣ್ಣಿಗೆ ಹೊಣೆಗಾರರು ಒಬ್ಬರೇ, ಪತ್ರವ್ಯವಹಾರ ನಡೆಸುವ ಲೇಖಕರು. ಆದ್ದರಿಂದ ಆ ಸ್ಥಾನ ಯಾರದು ಎಂಬುದರಲ್ಲಿ ಗೌರವದ ಜೊತೆಗೆ ಹಣದ ಪ್ರಶ್ನೆಯೂ ಅಡಗಿದೆ. ಸಹಲೇಖಕರಲ್ಲಿ ಒಬ್ಬರ ಸಂಸ್ಥೆಗೆ ಆ ಪ್ರಕಾಶಕರ ಜೊತೆ ಒಪ್ಪಂದವಿದ್ದು, ಅವರು ನಿಜಕ್ಕೂ ಆ ಹೊಣೆ ಹೊರಬಲ್ಲವರಾಗಿದ್ದರೆ, ಅವರೇ ಪತ್ರವ್ಯವಹಾರದ ಲೇಖಕರಾಗುವುದು ಎಲ್ಲರಿಗೂ ಅನುಕೂಲ. ಬರೀ ಶುಲ್ಕ ಉಳಿಸುವುದಕ್ಕೆಂದು ಕೆಲಸದಲ್ಲಿ ಪಾಲಿಲ್ಲದವರ ಹೆಸರು ಸೇರಿಸುವುದು ಮಾತ್ರ ಸಂಶೋಧನಾ ದುರಾಚಾರ. ಆ ದಾರಿ ಬೇಡವೇ ಬೇಡ.

ಶುಲ್ಕ ಹಂಚಿಕೊಳ್ಳುವುದಾದರೆ ಯಾರ ಪಾಲೆಷ್ಟು ಎಂಬುದನ್ನು ಸಲ್ಲಿಕೆಗೆ ಮುನ್ನ ಒಂದು ಇಮೇಲ್‌ನಲ್ಲಿ ಬರೆದು ಎಲ್ಲರ ಒಪ್ಪಿಗೆ ಪಡೆಯಿರಿ. ಬಾಯಿಮಾತಿನಲ್ಲಿ ಆದ ಹಂಚಿಕೆ ವರ್ಷ ಕಳೆದ ಮೇಲೆ ಯಾರ ನೆನಪಿನಲ್ಲೂ ಒಂದೇ ರೀತಿ ಉಳಿದಿರುವುದಿಲ್ಲ.

ನಮ್ಮ ಸಂಸ್ಥೆಗೆ ಪ್ರಕಾಶಕರ ಜೊತೆ ಒಪ್ಪಂದ ಇದೆಯೇ ಎಂದು ತಿಳಿಯುವುದು ಹೇಗೆ?

ಗ್ರಂಥಪಾಲಕರನ್ನು ಕೇಳಿ. ಚಂದಾ ಹಣ ಮತ್ತು ಪ್ರಕಟಣಾ ಶುಲ್ಕ ಎರಡನ್ನೂ ಒಂದೇ ಒಪ್ಪಂದದಲ್ಲಿ ಸೇರಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಜರ್ಮನಿಯ ವಿಶ್ವವಿದ್ಯಾಲಯಗಳ ಪರವಾಗಿ ಪ್ರಾಜೆಕ್ಟ್ ಡೀಲ್ 2019ರಲ್ಲಿ ವೈಲಿ ಪ್ರಕಾಶನದ ಜೊತೆ ಮಾಡಿಕೊಂಡದ್ದು ಇದಕ್ಕೆ ಹೆಸರಾದ ಉದಾಹರಣೆ. ಗ್ರಂಥಪಾಲಕರಿಗೆ ಹಾಕಬೇಕಾದ ಪ್ರಶ್ನೆಗಳು ಇವು: ನಾನು ಆರಿಸಿದ ಜರ್ನಲ್ ಪಟ್ಟಿಯಲ್ಲಿದೆಯೇ? ಪೂರ್ಣ ಮುಕ್ತ ಜರ್ನಲ್‌ಗಳೂ ಸೇರಿವೆಯೋ, ಹೈಬ್ರಿಡ್ ಮಾತ್ರವೋ? ಈ ವರ್ಷದ ಪ್ರಬಂಧಗಳ ಮಿತಿ ಮುಗಿದಿದೆಯೇ?

ಒಪ್ಪಂದ ಇದ್ದೂ ಇನ್‌ವಾಯ್ಸ್ ಬರುವುದುಂಟು. ಕಾರಣ ಬಹಳ ಸಲ ಸಲ್ಲಿಕೆಯ ಪುಟದಲ್ಲೇ ಇರುತ್ತದೆ. ಸಂಸ್ಥೆಯ ಹೆಸರನ್ನು ಪಟ್ಟಿಯಿಂದ ಆರಿಸದೆ ಕೈಯಾರೆ ಟೈಪ್ ಮಾಡಿದರೆ, ಅಥವಾ ಸಂಸ್ಥೆಯ ಇಮೇಲ್ ಬಿಟ್ಟು ಖಾಸಗಿ ಇಮೇಲ್ ಕೊಟ್ಟರೆ, ಪ್ರಕಾಶಕರ ಗಣಕ ವ್ಯವಸ್ಥೆಗೆ ನೀವು ಯಾರೆಂದು ಗೊತ್ತಾಗುವುದಿಲ್ಲ. ಹಾಗಾದಾಗ ಹಣ ಕಟ್ಟಬೇಡಿ. ಗ್ರಂಥಾಲಯದ ಮೂಲಕ ಇನ್‌ವಾಯ್ಸ್ ರದ್ದು ಮಾಡಿಸಿ.

ಶುಲ್ಕ ವಿನಾಯಿತಿ ಯಾರಿಗೆ ಸಿಗುತ್ತದೆ? ಕೇಳುವುದು ಹೇಗೆ?

ಎರಡು ಬಗೆ ಇದೆ. ಮೊದಲನೆಯದು ದೇಶದ ಆಧಾರದ ಮೇಲೆ ತಾನಾಗಿ ಸಿಗುವಂಥದ್ದು. ಹಲವು ಪ್ರಕಾಶಕರು ಕಡಿಮೆ ಆದಾಯದ ದೇಶಗಳಿಗೆ ನೆರವಾಗುವ ರಿಸರ್ಚ್4ಲೈಫ್ ಯೋಜನೆಯ ಪಟ್ಟಿಯನ್ನು ಅನುಸರಿಸುತ್ತಾರೆ: ಎ ಗುಂಪಿನ ದೇಶಗಳಿಗೆ ಪೂರ್ಣ ವಿನಾಯಿತಿ, ಬಿ ಗುಂಪಿಗೆ ಸಾಮಾನ್ಯವಾಗಿ ಅರ್ಧ ರಿಯಾಯಿತಿ. ಹೈಬ್ರಿಡ್ ಜರ್ನಲ್‌ಗಳಿಗೆ ಈ ಸೌಲಭ್ಯ ಬಹುಮಟ್ಟಿಗೆ ಅನ್ವಯಿಸುವುದಿಲ್ಲ. ಈ ಗುಂಪುಗಳಲ್ಲಿ ಇಲ್ಲದ ಮಧ್ಯಮ ಆದಾಯದ ದೇಶಗಳ ಸಂಶೋಧಕರಿಗೆ ದೊಡ್ಡ ಅನ್ಯಾಯವಾಗುತ್ತಿದೆ. ಅವರ ಕೆಲವು ತಿಂಗಳ ಸಂಬಳಕ್ಕೆ ಸಮನಾದ ಮೊತ್ತವನ್ನು ಶ್ರೀಮಂತ ದೇಶದವರಷ್ಟೇ ಪೂರ್ತಿಯಾಗಿ ಕೇಳಲಾಗುತ್ತದೆ.

ಅಂಥವರಿಗೆ ಇರುವುದು ಎರಡನೆಯ ಬಗೆ, ಕೇಳಿ ಪಡೆಯುವ ವಿನಾಯಿತಿ. ಇದಕ್ಕೆ ಹೊತ್ತು ಬಹಳ ಮುಖ್ಯ. ಎಷ್ಟೋ ಜರ್ನಲ್‌ಗಳು ಸಲ್ಲಿಕೆಯ ಹಂತದಲ್ಲಿ ಮಾತ್ರ ಕೋರಿಕೆಯನ್ನು ಪರಿಗಣಿಸುತ್ತವೆ. ಒಪ್ಪಿಗೆಯಾದ ಮೇಲೆ ಬರೆದರೆ ನಿಯಮವೇ ಅಡ್ಡ ಬರುತ್ತದೆ. ಮರ್ಯಾದಸ್ಥ ಜರ್ನಲ್‌ಗಳಲ್ಲಿ ಹಣದ ವಿಷಯ ನೋಡುವವರು ಬೇರೆ, ಪ್ರಬಂಧದ ಯೋಗ್ಯತೆ ತೀರ್ಮಾನಿಸುವ ಸಂಪಾದಕರು ಬೇರೆ. ಹಾಗಾಗಿ ವಿನಾಯಿತಿ ಕೇಳಿದರೆ ಪ್ರಬಂಧ ತಿರಸ್ಕೃತವಾದೀತೆಂಬ ಅಂಜಿಕೆ ಬೇಡ. ಪತ್ರ ಉದ್ದವಾಗಿರಬೇಕಿಲ್ಲ. ತಿರುಳು ಹೀಗಿದ್ದರೆ ಸಾಕು:

“ಈ ಸಂಶೋಧನೆಗೆ ಯಾವ ಸಂಸ್ಥೆಯ ಧನಸಹಾಯವೂ ದೊರೆತಿಲ್ಲ. ಪ್ರಕಟಣಾ ಶುಲ್ಕಕ್ಕಾಗಿ ನಮ್ಮ ಸಂಸ್ಥೆಯಲ್ಲಿ ನಿಧಿಯಿಲ್ಲ. ಈ ಬಗ್ಗೆ ವಿಭಾಗದ ಮುಖ್ಯಸ್ಥರ ಪತ್ರವನ್ನು ಲಗತ್ತಿಸಿದ್ದೇನೆ. ಸಹಲೇಖಕರ ಸಂಸ್ಥೆಗಳಿಗೂ ನಿಮ್ಮೊಂದಿಗೆ ಒಪ್ಪಂದವಿಲ್ಲ. ಆದ್ದರಿಂದ ಪೂರ್ಣ ವಿನಾಯಿತಿ ಕೋರುತ್ತೇನೆ. ಅದು ಸಾಧ್ಯವಾಗದಿದ್ದರೆ ನಾವು ಭರಿಸಬಹುದಾದ ಗರಿಷ್ಠ ಮೊತ್ತ ಇಷ್ಟು.”

ಕೊನೆಯ ವಾಕ್ಯದಲ್ಲಿ ನಿಜವಾದ ಅಂಕಿ ಬರೆಯಿರಿ. ಖಚಿತ ಮೊತ್ತ ಮುಂದಿದ್ದರೆ ಕಚೇರಿಯವರಿಗೆ ತೀರ್ಮಾನ ಸುಲಭವಾಗುತ್ತದೆ. ಉತ್ತರ ಲಿಖಿತವಾಗಿ ಬರುವವರೆಗೆ ಸಲ್ಲಿಕೆಯ ಅಂತಿಮ ಗುಂಡಿ ಒತ್ತದಿರುವುದು ಒಳಿತು. ವಿನಾಯಿತಿ ಕೇಳುವುದು ಭಿಕ್ಷೆಯಲ್ಲ. ಪ್ರಕಾಶಕರು ತಮ್ಮದೇ ನೀತಿಯಲ್ಲಿ ಬರೆದುಕೊಂಡಿರುವ ಸೌಲಭ್ಯ ಅದು.

ಧನಸಹಾಯ ಕೊಟ್ಟವರು ಪ್ರಬಂಧ ಮುಕ್ತವಾಗಿರಲೇಬೇಕು ಎನ್ನುತ್ತಾರೆ, ಶುಲ್ಕ ಮಾತ್ರ ಕೊಡುವುದಿಲ್ಲ. ಏನು ಮಾಡಲಿ?

ನಿಯಮವನ್ನು ಮತ್ತೊಮ್ಮೆ ಓದಿ. ‘ಮುಕ್ತವಾಗಿರಬೇಕು’ ಎನ್ನುವುದಕ್ಕೂ ‘ಶುಲ್ಕ ಕಟ್ಟಿ ಮುಕ್ತಗೊಳಿಸಬೇಕು’ ಎನ್ನುವುದಕ್ಕೂ ವ್ಯತ್ಯಾಸವಿದೆ. ಧನಸಹಾಯ ಸಂಸ್ಥೆಗಳ ಒಕ್ಕೂಟವೊಂದು 2018ರಲ್ಲಿ ಘೋಷಿಸಿದ ಪ್ಲಾನ್ ಎಸ್ ಎಂಬ ಮುಕ್ತ ಪ್ರವೇಶದ ನಿಯಮಾವಳಿ ಕೂಡ ಭಂಡಾರದಲ್ಲಿ ಇರಿಸುವ ದಾರಿಯನ್ನು ಒಪ್ಪುತ್ತದೆ. ಗೇಟ್ಸ್ ಪ್ರತಿಷ್ಠಾನ 2025ರಿಂದ ಪ್ರಕಟಣಾ ಶುಲ್ಕ ಕೊಡುವುದನ್ನೇ ನಿಲ್ಲಿಸಿ ಪ್ರಿಪ್ರಿಂಟ್ (ವಿಮರ್ಶೆಗೆ ಮುನ್ನಿನ ಆವೃತ್ತಿ) ಕಡ್ಡಾಯ ಮಾಡಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಧನಸಹಾಯ ಪಡೆದವರು 2025ರ ಜುಲೈ 1ರಂದು ಅಥವಾ ಆ ನಂತರ ಒಪ್ಪಿಗೆಯಾದ ಹಸ್ತಪ್ರತಿಯನ್ನು ಪಬ್‌ಮೆಡ್ ಸೆಂಟ್ರಲ್ ಎಂಬ ಸಾರ್ವಜನಿಕ ಭಂಡಾರಕ್ಕೆ ಸಲ್ಲಿಸಬೇಕು. ಅಲ್ಲಿ ಸಲ್ಲಿಸಲು ಶುಲ್ಕವಿಲ್ಲ.

ಗ್ರೀನ್ ದಾರಿಯಲ್ಲಿ ಯಾವ ಆವೃತ್ತಿಯನ್ನು ಹಾಕಬಹುದು?

ಮೂರು ಆವೃತ್ತಿಗಳನ್ನು ಬೇರೆ ಬೇರೆ ಕಡತವಾಗಿ ಜೋಪಾನ ಮಾಡಿ. ವಿಮರ್ಶೆಗೆ ಮುನ್ನ ಸಲ್ಲಿಸಿದ್ದು ಪ್ರಿಪ್ರಿಂಟ್. ಇದನ್ನು 1991ರಿಂದ ನಡೆದು ಬಂದಿರುವ ಆರ್ಕೈವ್, ಜೀವವಿಜ್ಞಾನಕ್ಕೆ ಬಯೋಆರ್ಕೈವ್‌ನಂಥ ತಾಣಗಳಲ್ಲಿ ಹಾಕಲು ಬಹುತೇಕ ಜರ್ನಲ್‌ಗಳ ಅಡ್ಡಿಯಿಲ್ಲ. ವಿಮರ್ಶೆಯ ತಿದ್ದುಪಡಿಗಳೊಂದಿಗೆ ಒಪ್ಪಿಗೆಯಾದ, ಆದರೆ ಪ್ರಕಾಶಕರ ಪುಟವಿನ್ಯಾಸ ಇನ್ನೂ ಆಗದ ವರ್ಡ್ ಕಡತ ಎರಡನೆಯದು. ಇದನ್ನು ಹಲವು ಜರ್ನಲ್‌ಗಳು 6ರಿಂದ 24 ತಿಂಗಳ ನಂತರ, ಕೆಲವು ಕೂಡಲೇ, ಭಂಡಾರಕ್ಕೆ ಹಾಕಲು ಬಿಡುತ್ತವೆ. ಮೂರನೆಯದು ಅಚ್ಚುಕಟ್ಟಾದ ಅಂತಿಮ ಪಿಡಿಎಫ್. ಶುಲ್ಕ ಕಟ್ಟದಿದ್ದರೆ ಇದನ್ನು ಹಂಚಲು ಸಾಮಾನ್ಯವಾಗಿ ಅನುಮತಿಯಿಲ್ಲ.

ಎರಡನೆಯ ಕಡತವನ್ನು ಕಳೆದುಕೊಳ್ಳುವವರೇ ಹೆಚ್ಚು. ಒಪ್ಪಿಗೆಯ ಇಮೇಲ್ ಬಂದ ದಿನವೇ ದಿನಾಂಕದೊಂದಿಗೆ ಅದನ್ನು ಉಳಿಸಿಡಿ. ಯಾವ ಜರ್ನಲ್‌ನ ನಿಯಮ ಏನೆಂಬುದು ಬ್ರಿಟನ್ನಿನ ಜಿಸ್ಕ್ ಸಂಸ್ಥೆ ನಡೆಸುವ ಓಪನ್ ಪಾಲಿಸಿ ಫೈಂಡರ್ ತಾಣದಲ್ಲಿ ಸಿಗುತ್ತದೆ.

ಶುಲ್ಕ ಕೇಳುವ ಜರ್ನಲ್ ವಂಚಕ ಜರ್ನಲ್ಲೇ?

ಶುಲ್ಕ ಕೇಳಿದ ಮಾತ್ರಕ್ಕೆ ಅಲ್ಲ. ಶುಲ್ಕವನ್ನು ಬಚ್ಚಿಟ್ಟರೆ ಅನುಮಾನಿಸಿ. ಓಮಿಕ್ಸ್ ಎಂಬ ಪ್ರಕಾಶಕರ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ದಾವೆಯಲ್ಲಿ 2019ರಲ್ಲಿ ನ್ಯಾಯಾಲಯ 5 ಕೋಟಿ ಡಾಲರ್‌ಗೂ ಹೆಚ್ಚು ದಂಡ ತೆರಲು ಆದೇಶಿಸಿತು. ದೂರಿನಲ್ಲಿದ್ದ ಸಂಗತಿಗಳನ್ನೇ ತಪಾಸಣೆಯ ಪಟ್ಟಿಯಾಗಿ ಇಟ್ಟುಕೊಳ್ಳಬಹುದು: ಶುಲ್ಕವನ್ನು ಮೊದಲೇ ಸ್ಪಷ್ಟವಾಗಿ ತಿಳಿಸದಿರುವುದು, ನಡೆಯದ ವಿಮರ್ಶೆಯನ್ನು ನಡೆದಿದೆ ಎನ್ನುವುದು, ಒಪ್ಪಿಗೆ ಕೊಡದ ವಿದ್ವಾಂಸರ ಹೆಸರನ್ನು ಸಂಪಾದಕ ಮಂಡಳಿಯಲ್ಲಿ ತೋರಿಸುವುದು, ಪ್ರಬಂಧ ಹಿಂದಕ್ಕೆ ಪಡೆಯಲು ಬಿಡದಿರುವುದು.

ನನ್ನ ಸಲಹೆ ಇಷ್ಟು. ಸಂಪಾದಕ ಮಂಡಳಿಯ ಒಬ್ಬರ ಸ್ವಂತ ಜಾಲಪುಟಕ್ಕೆ ಹೋಗಿ, ಅವರು ಈ ಜರ್ನಲ್‌ನ ಹೆಸರು ಹೇಳಿಕೊಂಡಿದ್ದಾರೆಯೇ ನೋಡಿ. ಇತ್ತೀಚಿನ ಸಂಚಿಕೆಯ ಎರಡು ಪ್ರಬಂಧಗಳನ್ನು ನಿಜಕ್ಕೂ ಓದಿ. ಸಲ್ಲಿಕೆಗೂ ಒಪ್ಪಿಗೆಗೂ ನಡುವಿನ ದಿನಾಂಕ ಗಮನಿಸಿ. ನಾಲ್ಕೈದು ದಿನಗಳಲ್ಲಿ ವಿಮರ್ಶೆ ಮುಗಿದಿದೆ ಎಂದರೆ ನಂಬುವುದು ಕಷ್ಟ. ಥಿಂಕ್ ಚೆಕ್ ಸಬ್ಮಿಟ್ ತಾಣದಲ್ಲಿ ಇಂಥ ಪ್ರಶ್ನೆಗಳ ಒಳ್ಳೆಯ ಪಟ್ಟಿಯಿದೆ. ಪ್ರಶಂಸೆ ಸುರಿಸುತ್ತಾ, ಕೂಡಲೇ ಪ್ರಬಂಧ ಕಳುಹಿಸಿ ಎಂದು ಆಹ್ವಾನಿಸುವ ಅಪರಿಚಿತ ಇಮೇಲ್‌ಗೆ ಉತ್ತರಿಸಲೇಬೇಡಿ.

ಶುಲ್ಕ ಹೆಚ್ಚಿದ್ದರೆ ಜರ್ನಲ್ ಉತ್ತಮ ಎಂದರ್ಥವೇ?

ಅಲ್ಲ. ಕಾಸಿಗೆ ತಕ್ಕ ಕಜ್ಜಾಯ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಒಪ್ಪಿಗೆಯಾಗಿದೆ, ಹಣವಿಲ್ಲ. ಈಗ?

ಮೊದಲು ಸಂಪಾದಕರಿಗೂ ಪ್ರಕಾಶಕರ ಶುಲ್ಕ ವಿಭಾಗಕ್ಕೂ ಪ್ರಾಮಾಣಿಕವಾಗಿ ಬರೆಯಿರಿ. ಕಂತಿನಲ್ಲಿ ಕಟ್ಟಲು ಅವಕಾಶ, ಗಡುವಿನ ವಿಸ್ತರಣೆ, ಭಾಗಶಃ ರಿಯಾಯಿತಿ ಸಿಗುವ ಸಾಧ್ಯತೆಯಿದೆ. ಹೈಬ್ರಿಡ್ ಆಗಿದ್ದರೆ ಚಂದಾ ಮಾರ್ಗಕ್ಕೆ ಬದಲಾಯಿಸಲು ಕೇಳಿ. ಯಾವುದೂ ಆಗದಿದ್ದರೆ ಪ್ರಬಂಧವನ್ನು ಲಿಖಿತವಾಗಿ ಹಿಂದಕ್ಕೆ ಪಡೆದು, ಅದರ ದೃಢೀಕರಣ ಕೈಸೇರಿದ ಮೇಲೆಯೇ ಬೇರೆ ಜರ್ನಲ್‌ಗೆ ಕಳುಹಿಸಿ. ದೃಢೀಕರಣಕ್ಕೆ ಮುನ್ನ ಕಳುಹಿಸಿದರೆ ಏಕಕಾಲದಲ್ಲಿ ಎರಡು ಕಡೆ ಸಲ್ಲಿಸಿದ ಆರೋಪ ಬರುತ್ತದೆ. ವಿಮರ್ಶಕರಿಂದ ದೊರೆತ ತಿದ್ದುಪಡಿಗಳು ನಿಮ್ಮಲ್ಲೇ ಉಳಿಯುತ್ತವೆ, ಆ ಶ್ರಮ ವ್ಯರ್ಥವಲ್ಲ.

ವಿದ್ಯಾರ್ಥಿವೇತನದಿಂದಲೋ ಸಾಲ ಮಾಡಿಯೋ ಕಟ್ಟಬಹುದೇ?

ದಯವಿಟ್ಟು ಬೇಡ. ಪದವಿಗೆ ಪ್ರಕಟಣೆ ಬೇಕು, ಗಡುವು ಹತ್ತಿರ ಬಂದಿದೆ ಎಂಬ ಒತ್ತಡ ಎಷ್ಟು ದೊಡ್ಡದೆಂದು ಬಲ್ಲೆ. ಆದರೂ ಶುಲ್ಕವಿಲ್ಲದ ಜರ್ನಲ್, ಚಂದಾ ಮಾರ್ಗ, ಪ್ರಿಪ್ರಿಂಟ್, ವಿನಾಯಿತಿ ಎಲ್ಲವನ್ನೂ ನೋಡಿ ಮುಗಿಸುವ ಮೊದಲು ವಿದ್ಯಾರ್ಥಿಯೊಬ್ಬರು ಊಟ-ಬಾಡಿಗೆಯ ಹಣವನ್ನು ಪ್ರಕಾಶಕರಿಗೆ ಕಳುಹಿಸುವಂತಾಗಬಾರದು. ಮಾರ್ಗದರ್ಶಕರು ಈ ಮಾತನ್ನು ವಿದ್ಯಾರ್ಥಿಗಳೇ ಎತ್ತಲಿ ಎಂದು ಕಾಯಬಾರದು. ಸಂಕೋಚದಿಂದ ಅವರು ಎತ್ತುವುದೇ ಇಲ್ಲ.

ಯಾವ ಪರವಾನಗಿ ಆರಿಸಲಿ?

ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಗಳು ಪ್ರಬಂಧವನ್ನು ಇತರರು ಹೇಗೆ ಬಳಸಬಹುದೆಂದು ಹೇಳುತ್ತವೆ. ಸಿಸಿ ಬೈ ಎಂದರೆ ಹೆಸರು ಉಲ್ಲೇಖಿಸಿ ಯಾರು ಹೇಗೆ ಬೇಕಾದರೂ ಬಳಸಬಹುದು. ಹಲವು ಧನಸಹಾಯ ಸಂಸ್ಥೆಗಳು ಇದನ್ನೇ ಕೇಳುತ್ತವೆ. ಎನ್‌ಸಿ ಸೇರಿದರೆ ವಾಣಿಜ್ಯ ಬಳಕೆ ಇಲ್ಲ, ಎನ್‌ಡಿ ಸೇರಿದರೆ ಮಾರ್ಪಡಿಸಿ ಹಂಚುವಂತಿಲ್ಲ. ಹಾಗಾಗಿ ಅನುವಾದ ಪ್ರಕಟಿಸುವುದಕ್ಕೂ ಅಡ್ಡಿ. ಗಮನಿಸಬೇಕಾದ ಅಂಶ: ಎನ್‌ಸಿ ಆರಿಸಿದಾಗ ವಾಣಿಜ್ಯ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ ಎಂದುಕೊಳ್ಳಬೇಡಿ. ಕೆಲವು ಒಪ್ಪಂದಗಳಲ್ಲಿ ಅದು ಪ್ರಕಾಶಕರ ಪಾಲಾಗಿರುತ್ತದೆ.

ಹಣ ಕಟ್ಟಿದ ಮೇಲೆ ಏನನ್ನು ಪರೀಕ್ಷಿಸಬೇಕು?

ಪ್ರಬಂಧ ಪ್ರಕಟವಾದ ದಿನ, ಸಂಸ್ಥೆಯ ಜಾಲದಿಂದ ಹೊರಬಂದು ಮೊಬೈಲ್ ಡೇಟಾದಲ್ಲಿ ಅದನ್ನು ತೆರೆಯಿರಿ. ಲಾಗಿನ್ ಕೇಳಿದರೆ ಅಥವಾ ಖರೀದಿಸುವ ಗುಂಡಿ ಕಂಡರೆ ಕೂಡಲೇ ದೂರು ಕೊಡಿ. ಹಣ ಸಂದಾಯವಾದ ಪ್ರಬಂಧಗಳೂ ತಪ್ಪಿನಿಂದ ಬೀಗದ ಹಿಂದೆ ಉಳಿದುಬಿಡುವುದುಂಟು. ಪಿಡಿಎಫ್‌ನ ಮೊದಲ ಪುಟದಲ್ಲಿ ನೀವು ಆರಿಸಿದ ಪರವಾನಗಿಯೇ ಅಚ್ಚಾಗಿದೆಯೇ, ಧನಸಹಾಯದ ಸಂಖ್ಯೆ ಸರಿಯಿದೆಯೇ ನೋಡಿ. ರಸೀದಿಯನ್ನೂ ಪರವಾನಗಿಯ ಒಪ್ಪಂದವನ್ನೂ ಒಂದೇ ಕಡತದಲ್ಲಿ ಇರಿಸಿ, ಲೆಕ್ಕಪತ್ರ ವಿಭಾಗಕ್ಕೆ ಒಂದು ಪ್ರತಿ ಕೊಡಿ. ಅಂತಿಮ ಪಿಡಿಎಫ್ ಅನ್ನು ಸಂಸ್ಥೆಯ ಭಂಡಾರಕ್ಕೂ ಸೇರಿಸಿಬಿಡಿ; ಶುಲ್ಕ ಕಟ್ಟಿ ಮುಕ್ತಗೊಳಿಸಿದ ಪ್ರಬಂಧಕ್ಕೆ ಕಾಯುವ ಅವಧಿ ಇಲ್ಲ.